ವಿದ್ಯುತ್ತಿಲ್ಲವೆಂಬ ನೆವ



ನಿಮ್ಮ ಮನೆಯ ಬಾವಿಯಿಂದ ಸೇದಿದ ನೀರು ಒಂದು ದಿನ ಪೆಟ್ರೋಲಿನ ವಾಸನೆ ಬೀರಿತೆಂದು ಇಟ್ಟುಕೊಳ್ಳಿ. ಮೊದಲು ನೀವು ಕೊಡವನ್ನು ಸಂಶಯಿಸುವಿರಿ, ಅನಂತರ ಹಗ್ಗವನ್ನು. ಕೊನೆಗೆ ಪಂಪು ಹಚ್ಚಿ ಬಾವಿಯ ನೀರನ್ನೆಲ್ಲ ಹೊರಚೆಲ್ಲುವಿರಿ. ಕೆಲವು ದಿನಗಳಲ್ಲಿ ಹೊಸ ನೀರು ಊರುತ್ತದೆ. ಹೊಸ ನೀರಿನೊಡನೆ ಅದೇ ವಾಸನೆಯೂ ಬರುತ್ತದೆ. ಏಕೆಂದರೆ ಕೆಟ್ಟಿರುವುದು ಬಾವಿಯಲ್ಲ, ಆ ಬಾವಿಗೆ ನೀರುಣಿಸುವ ಭೂಮಿಯ ಒಡಲು.

ಗಾಳಿ ಕೆಟ್ಟರೆ ನಾವು ಕೆಮ್ಮುತ್ತೇವೆ, ನದಿ ಕೆಟ್ಟರೆ ಸತ್ತ ಮೀನು ತೇಲುತ್ತದೆ. ನೆಲದಡಿ ಎಣ್ಣೆ ಸೋರಿದರೆ ಮಾತ್ರ ಯಾರಿಗೂ ಏನೂ ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆನ್ನುವುದು ಸುಲಭ. ಇಲ್ಲವೆನ್ನಲು ಆಗದಿದ್ದಾಗ, ಶುದ್ಧಿ ಮಾಡಲು ವಿದ್ಯುತ್ತಿಲ್ಲ, ಹಣವಿಲ್ಲ, ಅದು ನಮ್ಮಿಂದಾಗದ ಕೆಲಸ ಎನ್ನುವುದು ಇನ್ನೂ ಸುಲಭ. ಈ ನೆವವನ್ನು ಇನ್ನು ಒಪ್ಪಬೇಕಾಗಿಲ್ಲ ಎಂಬುದೇ ಈ ಲೇಖನದ ವಾದ.

ಒಂದು ಲೀಟರಿನ ಲೆಕ್ಕ

ಪೆಟ್ರೋಲ್ ಬಂಕುಗಳ ಅಂಗಳದಡಿ ಸಾವಿರಾರು ಲೀಟರ್ ಹಿಡಿಯುವ ಟ್ಯಾಂಕುಗಳು ಹೂತಿರುತ್ತವೆ. ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಪೈಪಿನ ಜೋಡಣೆ ಸಡಿಲಗೊಳ್ಳುತ್ತದೆ. ಹನಿಹನಿಯಾಗಿ ಸೋರಿದ ಇಂಧನ ಮಣ್ಣಿನೊಳಗೆ ಇಳಿಯುತ್ತದೆ. ಅದರಲ್ಲೊಂದು ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಪಾಲು ಅಂತರ್ಜಲದ ಮಟ್ಟವನ್ನು ಮುಟ್ಟಿ, ನೀರಿಗಿಂತ ಹಗುರವಾದುದರಿಂದ ಅದರ ಮೇಲೆ ಪದರವಾಗಿ ತೇಲುತ್ತದೆ. ಮತ್ತೊಂದು ಪಾಲು ಆವಿಯಾಗಿ ಮೇಲೇರಿ, ಮನೆಗಳ ನೆಲಮಾಳಿಗೆಯನ್ನೂ ಚರಂಡಿಯನ್ನೂ ಹೊಗುತ್ತದೆ. ಉಳಿದದ್ದು ನೀರಿನಲ್ಲಿ ಕರಗಿ, ನೀರು ಹರಿದತ್ತ ಸಾಗುತ್ತದೆ.

ಹೀಗೆ ಕರಗುವವುಗಳಲ್ಲಿ ಬೆಂಜೀನ್ ಎಂಬುದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ 1ನ್ನು ಮೀರುವಂತಿಲ್ಲ. ಶೇಕಡಾ 1 ಎಂದರೆ ಅಲ್ಪವೆಂದು ತೋರುತ್ತದೆಯಲ್ಲವೇ? ಲೆಕ್ಕ ಹಾಕಿ ನೋಡಿ. ಅಂಥ ಒಂದು ಲೀಟರ್ ಪೆಟ್ರೋಲಿನಲ್ಲಿ 8 ಗ್ರಾಂಗಿಂತ ಹೆಚ್ಚು ಬೆಂಜೀನ್ ಇರುತ್ತದೆ. ಅದಷ್ಟೂ ನೀರಿನಲ್ಲಿ ಬೆರೆತರೆ 8 ಲಕ್ಷ ಲೀಟರ್ ನೀರನ್ನು ಆ ಮಿತಿಯ ತುದಿಗೆ ತಂದು ನಿಲ್ಲಿಸಲು ಸಾಕು. 12 ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಅರವತ್ತಕ್ಕೂ ಹೆಚ್ಚು ಟ್ಯಾಂಕರುಗಳಾಗುವಷ್ಟು ನೀರು! ಒಂದು ಲೀಟರಿನ ಕಥೆಯೇ ಹೀಗಾದರೆ, ವರ್ಷಗಟ್ಟಲೆ ಸೋರಿದ ಟ್ಯಾಂಕಿನ ಪಾಡೇನು?

ಇದನ್ನು ಬರಿಯ ಊಹೆ ಎನ್ನುವಂತಿಲ್ಲ. 2013ರಲ್ಲಿ ಚೆನ್ನೈ ಮಹಾನಗರದ ತೊಂಡಿಯಾರ್‌ಪೇಟೆಯ ಮನೆಗಳ ಕೊಳವೆಬಾವಿಗಳಲ್ಲಿ ನೀರಿನೊಡನೆ ಪೆಟ್ರೋಲಿಯಂ ಎಣ್ಣೆ ಬರತೊಡಗಿತು. ನೆಲದಡಿ ಹಾಯ್ದುಹೋಗಿದ್ದ ಎಣ್ಣೆಯ ಪೈಪು ಸೋರಿತ್ತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಅಮೆರಿಕ ದೇಶದಲ್ಲಿ ಭೂಗತ ಟ್ಯಾಂಕುಗಳ ಕುರಿತು 1984ರಲ್ಲೇ ಕಾನೂನಾಯಿತು. ಅಂದಿನಿಂದ ಅಲ್ಲಿ ಪತ್ತೆಯಾದ ಸೋರಿಕೆಗಳ ಸಂಖ್ಯೆ 5 ಲಕ್ಷವನ್ನು ಮೀರಿದೆ. ಅವುಗಳಲ್ಲಿ ಬಹುಪಾಲು ಶುದ್ಧಿಯಾಗಿವೆಯಾದರೂ 50 ಸಾವಿರಕ್ಕೂ ಹೆಚ್ಚು ತಾಣಗಳು ಇಂದಿಗೂ ಕಾಯುತ್ತಿವೆ.

ಅತ್ಯಂತ ದಾರುಣವಾದ ಸಂಗತಿ ನೈಜೀರಿಯಾದ ಒಗೋನಿ ಸೀಮೆಯದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2011ರಲ್ಲಿ ಪ್ರಕಟಿಸಿದ ವರದಿಯನ್ನು ಓದಿದವರ ಎದೆ ನಡುಗದಿರದು. ಅಲ್ಲಿಯ ಒಗಾಲೆ ಎಂಬಲ್ಲಿ ಬಾವಿಗಳಿಗೆ ನೀರೊದಗಿಸುವ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪಕ್ಕೆ ಶುದ್ಧೀಕರಿಸಿದ ಎಣ್ಣೆ ತೇಲುತ್ತಿತ್ತು. ಆ ಬಾವಿಗಳ ನೀರಿನಲ್ಲಿ ಬೆಂಜೀನಿನ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟಿಗಿಂತ ಹೆಚ್ಚಿತ್ತು. ಕುಟುಂಬಗಳು ಅದೇ ನೀರನ್ನು ಕುಡಿಯುತ್ತಿದ್ದವು. ಒಗೋನಿ ಸೀಮೆ ಪೂರ್ತಿಯಾಗಿ ಚೇತರಿಸಿಕೊಳ್ಳಲು 25ರಿಂದ 30 ವರ್ಷ ಬೇಕಾಗಬಹುದೆಂದು ವರದಿ ಎಚ್ಚರಿಸಿತು.

ಜಗತ್ತಿಗೆ ದೀಪ ಉರಿಸಲು ಎಣ್ಣೆ ಕೊಟ್ಟ ಊರುಗಳಲ್ಲೇ ದೀಪಕ್ಕೆ ನೆಚ್ಚಿಕೊಳ್ಳುವಂಥ ವಿದ್ಯುತ್ತಿಲ್ಲ. ಈ ವಿಪರ್ಯಾಸವನ್ನು ನೆನಪಿನಲ್ಲಿಡಿ; ಮುಂದಿನ ವಾದಕ್ಕೆ ಇದೇ ತಳಹದಿ.

ಡೀಸೆಲ್ ಸುಟ್ಟು ಡೀಸೆಲ್ ತೆಗೆಯುವುದೇ?

ಮಣ್ಣಿನೊಳಗಿನ ಎಣ್ಣೆಯನ್ನು ತೆಗೆಯುವ ಉಪಾಯಗಳು ಹಲವಾರು ದಶಕಗಳಿಂದ ತಿಳಿದಿವೆ. ಕಾಯಿಸಿದ ಹಾಲಿನ ಕೆನೆ ತೆಗೆಯುವಂತೆ, ಬಾವಿಯೊಳಗೆ ಇಳಿಬಿಟ್ಟ ಪಂಪು ನೀರಿನ ಮೇಲಿನ ಎಣ್ಣೆಯ ಪದರವನ್ನಷ್ಟೇ ಹೀರಬಲ್ಲದು. ಕೆಟ್ಟ ನೀರನ್ನು ಮೇಲೆತ್ತಿ ಸಂಸ್ಕರಿಸಿದ ಇದ್ದಿಲಿನ ಮೂಲಕ ಹಾಯಿಸಬಹುದು. ಮಣ್ಣಿನೊಳಗಿನ ಆವಿಯನ್ನು ಗಾಳಿಯಂತ್ರದಿಂದ ಸೆಳೆಯಬಹುದು. ಇಲ್ಲವೇ ಮಣ್ಣಿಗೆ ಮೆಲ್ಲಗೆ ಗಾಳಿಯೂದಿ, ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸಿ, ಅವೇ ಎಣ್ಣೆಯನ್ನು ತಿಂದು ಕರಗಿಸುವಂತೆ ಮಾಡಬಹುದು.

ಈ ಎಲ್ಲ ಉಪಾಯಗಳಿಗೂ ಬಲ ಬೇಕು. ಒಂದು ದಿನಕ್ಕಲ್ಲ, ವರ್ಷಗಟ್ಟಲೆ ಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಒಂದು ಅಂದಾಜನ್ನು ಮುಂದಿಟ್ಟಿತು. ಆ ದೇಶದ ಅತಿ ಕಲುಷಿತ ತಾಣಗಳ ಪಟ್ಟಿಯಲ್ಲಿರುವ ನೆಲವನ್ನು ಇಂಥ ಐದು ವಿಧಾನಗಳಿಂದ ಶುದ್ಧಗೊಳಿಸಲು 2030ರವರೆಗೆ ಸುಮಾರು 1,400 ಕೋಟಿ ಯುನಿಟ್ ವಿದ್ಯುತ್ ಬೇಕಾಗುತ್ತದೆಂಬುದು ಅದರ ಲೆಕ್ಕ. ಆ ವಿದ್ಯುತ್ತನ್ನು ಕಲ್ಲಿದ್ದಲು ಸುಟ್ಟು ತಯಾರಿಸಿದರೆ ನೆಲದ ಕೊಳೆಯನ್ನು ಆಕಾಶಕ್ಕೆ ಸಾಗಿಸಿದಂತಾಗುವುದಿಲ್ಲವೇ? ತಂತಿ ತಲುಪದ ಕಡೆ ಡೀಸೆಲ್ ಜನರೇಟರ್ ತಂದಿಟ್ಟರೆ ಇನ್ನೂ ವಿಚಿತ್ರ: ಭೂಮಿಯೊಳಗಿನ ಡೀಸೆಲ್ ತೆಗೆಯಲು ಭೂಮಿಯ ಮೇಲೆ ಡೀಸೆಲ್ ಸುಡುವುದು, ಆ ಡೀಸೆಲನ್ನು ಮತ್ತೊಂದು ಟ್ಯಾಂಕಿನಲ್ಲಿ ಕೂಡಿಡುವುದು!

ನೆವ ಹುಟ್ಟುವುದು ಇಲ್ಲಿಯೇ. “ತಂತಿ ಎಳೆಯುವ ಖರ್ಚು ಯಾರದು? ತಿಂಗಳ ಬಿಲ್ಲು ಕಟ್ಟುವವರು ಯಾರು? ಹಾಗೇ ಬಿಡಿ, ಕಾಲವೇ ಎಲ್ಲವನ್ನೂ ಸರಿಪಡಿಸುತ್ತದೆ” ಎಂಬ ಮಾತು ಕೇಳಿಬರುತ್ತದೆ. ಸೋರಿಸಿದವನಿಗೆ ಈ ಮಾತು ಹಿತವಾದುದು. ನೀರು ಕುಡಿಯುವವನ ಕೈಯಲ್ಲಿ ಮಾತ್ರ ಕಾಲವಿಲ್ಲ.

ಒಂದು ದ್ವೀಪ ಕೊಟ್ಟ ಉತ್ತರ

ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಕ್ರೊಯ್ ಎಂಬ ದ್ವೀಪವಿದೆ. ಅಮೆರಿಕದ ಆಡಳಿತಕ್ಕೆ ಒಳಪಟ್ಟ ವರ್ಜಿನ್ ದ್ವೀಪಗಳಲ್ಲೊಂದು. ಅಲ್ಲಿನ ಹಳೆಯ ಅಲ್ಯೂಮಿನಾ ಕಾರ್ಖಾನೆಯ ನೆಲದಡಿ ಸೋರಿದ ಎಣ್ಣೆ ಅಂತರ್ಜಲದ ಮೇಲೆ ನಿಂತಿತ್ತು. ಅದನ್ನು ತೆಗೆಯಲು 2002ರಲ್ಲಿ ಗಾಳಿಚಕ್ರಗಳನ್ನು ನಿಲ್ಲಿಸಲಾಯಿತು. ಆ ಚಕ್ರಗಳು ವಿದ್ಯುತ್ತನ್ನೂ ತಯಾರಿಸಲಿಲ್ಲ. ಗಾಳಿಗೆ ತಿರುಗಿ ಗಾಳಿಯನ್ನೇ ಒತ್ತಿ ಕೊಳವೆಗೆ ತುಂಬುವುದಷ್ಟೇ ಅವುಗಳ ಕೆಲಸ. ಹಾಗೆ ಒತ್ತಿದ ಗಾಳಿ ಬಾವಿಯೊಳಗಿನ ಪಂಪನ್ನು ನಡೆಸಿತು. ಮುಂದೆ ಕೆಲವು ಚಿಕ್ಕ ಸೌರಫಲಕಗಳೂ ವಿದ್ಯುತ್ ಕೊಡುವ ಗಾಳಿಯಂತ್ರಗಳೂ ಸೇರಿಕೊಂಡವು. ಊರಿನ ವಿದ್ಯುತ್ ಜಾಲಕ್ಕೆ ಈ ವ್ಯವಸ್ಥೆ ಕೈಚಾಚಲಿಲ್ಲ.

ಫಲವೇನಾಯಿತು? ನಾಲ್ಕೈದು ವರ್ಷಗಳಲ್ಲಿ ಸುಮಾರು 2 ಲಕ್ಷ 28 ಸಾವಿರ ಗ್ಯಾಲನ್, ಅಂದರೆ 8 ಲಕ್ಷ 60 ಸಾವಿರ ಲೀಟರಿನಷ್ಟು ಎಣ್ಣೆ ಮೇಲೆ ಬಂತು. ಅಲ್ಲಿ ನಿಂತಿದ್ದ ಎಣ್ಣೆಯ ಅಂದಾಜಿನಲ್ಲಿ ಅದು ಸುಮಾರು ಐದರಲ್ಲೊಂದು ಪಾಲು. ಹಾಗೆ ತೆಗೆದ ಎಣ್ಣೆಯನ್ನು ಎಸೆಯದೆ ಪಕ್ಕದ ತೈಲ ಸಂಸ್ಕರಣಾಗಾರಕ್ಕೆ ಕಚ್ಚಾವಸ್ತುವಾಗಿ ಕೊಡಲಾಯಿತು.

ಐದರಲ್ಲೊಂದು ಪಾಲು ಕಡಿಮೆಯೆನ್ನುವಿರಾ? ನೆಲದಡಿಯ ಎಣ್ಣೆ ಯಾವ ಯಂತ್ರಕ್ಕೂ ಅವಸರದಲ್ಲಿ ಒಲಿಯುವುದಿಲ್ಲ. ಮಣ್ಣಿನ ಸಂದುಗಳಿಂದ ಅದು ಬಾವಿಯತ್ತ ಮೆಲ್ಲಮೆಲ್ಲನೆ ಜಿನುಗಬೇಕು. ದೊಡ್ಡ ಪಂಪು ಹಚ್ಚಿ ಸೆಳೆದರೆ ಎಣ್ಣೆಯ ಬದಲು ನೀರೇ ಬರುತ್ತದೆ. ಆದ್ದರಿಂದ ಇಲ್ಲಿ ಬೇಕಾದುದು ಅಲ್ಪ ಬಲ, ದೀರ್ಘ ತಾಳ್ಮೆ. ಬಿಸಿಲು ಮತ್ತು ಗಾಳಿಯ ಸ್ವಭಾವವೂ ಅದೇ ಅಲ್ಲವೇ?

ಆಕ್ಷೇಪಗಳಿಗೆ ಉತ್ತರ

“ರಾತ್ರಿ ಸೂರ್ಯನಿರುವುದಿಲ್ಲವಲ್ಲ” ಎಂಬುದು ಮೊದಲ ಆಕ್ಷೇಪ. ಇರುವುದಿಲ್ಲ, ನಿಜ. ಆದರೆ ಪಂಪು ನಿಂತಿರುವ ರಾತ್ರಿಯಲ್ಲಿ ಎಣ್ಣೆ ಮತ್ತೆ ಬಾವಿಗೆ ಜಿನುಗಿ ಸೇರಿಕೊಳ್ಳುತ್ತದೆ. ಬೆಳಗಾದಾಗ ಪಂಪಿಗೆ ಕೆಲಸ ಸಿದ್ಧವಾಗಿರುತ್ತದೆ. ಮಣ್ಣಿಗೆ ಗಾಳಿಯೂದುವ ಕೆಲಸವನ್ನೂ ಹಗಲಿನಲ್ಲಷ್ಟೇ ಮಾಡಬಹುದು. ಕೆಟ್ಟ ನೀರು ಊರಿನ ಬಾವಿಗಳತ್ತ ಹರಿಯುತ್ತಿದ್ದು, ಅದನ್ನು ಹಗಲಿರುಳು ತಡೆದು ನಿಲ್ಲಿಸಬೇಕಾದ ಕಡೆ ಮಾತ್ರ ಬ್ಯಾಟರಿಯೋ ವಿದ್ಯುತ್ ಜಾಲದ ಆಸರೆಯೋ ಬೇಕೇ ಬೇಕು. ಅಂಥ ಕಡೆ ಸೌರಶಕ್ತಿಯೊಂದನ್ನೇ ನಂಬಿರೆಂದು ವಾದಿಸುವುದು ಹಟವಾದೀತು. ಕೆಲವೆಡೆ ಸಲ್ಲದೆಂಬ ಕಾರಣಕ್ಕೆ ಎಲ್ಲೆಡೆಯೂ ಬೇಡವೆನ್ನುವುದೂ ಅಷ್ಟೇ ಹಟ.

“ನಿಸರ್ಗವೇ ತನ್ನನ್ನು ಶುದ್ಧಿ ಮಾಡಿಕೊಳ್ಳುತ್ತದೆ” ಎಂಬುದು ಎರಡನೆಯದು. ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿನ್ನುತ್ತವೆ, ಸುಳ್ಳಲ್ಲ. ಆದರೆ ಎಣ್ಣೆ ದಟ್ಟವಾಗಿ ತುಂಬಿದ ಮಣ್ಣಿನಲ್ಲಿ ಆಮ್ಲಜನಕ ಬೇಗನೆ ಮುಗಿದುಹೋಗಿ ಅವುಗಳ ಕೆಲಸ ಕುಂಠಿತವಾಗುತ್ತದೆ. ನಿಸರ್ಗವನ್ನು ನೆಚ್ಚುವ ವಿಧಾನವನ್ನು ವಿಜ್ಞಾನ ಒಪ್ಪುವುದು ಷರತ್ತಿನ ಮೇಲೆ: ಸೋರಿಕೆಯ ಮೂಲವನ್ನು ಮೊದಲು ತೆಗೆದಿರಬೇಕು, ಪರೀಕ್ಷಾ ಬಾವಿಗಳ ನೀರನ್ನು ವರ್ಷವರ್ಷವೂ ಅಳೆಯುತ್ತಿರಬೇಕು. ಇವೆರಡನ್ನೂ ಮಾಡದೆ ಕೈಕಟ್ಟಿ ಕೂತು ನಿಸರ್ಗದ ಹೆಸರು ಹೇಳುವುದು ಸೋಮಾರಿತನಕ್ಕೆ ತೊಡಿಸಿದ ಒಳ್ಳೆಯ ಅಂಗಿಯಷ್ಟೇ.

“ಖರ್ಚು ಹೆಚ್ಚು” ಎಂಬುದು ಮೂರನೆಯದು. ಸೇಂಟ್ ಕ್ರೊಯ್ ದ್ವೀಪದಲ್ಲಿ ಫಲಕಗಳನ್ನು ಇಟ್ಟ ಕಾಲಕ್ಕೆ ಈ ಮಾತಿಗೆ ತೂಕವಿತ್ತು. 2010ರ ಅನಂತರದ ಹತ್ತು ವರ್ಷಗಳಲ್ಲಿ ಸೌರಫಲಕದ ಬೆಲೆ ಸುಮಾರು ಶೇಕಡಾ 90ರಷ್ಟು ಇಳಿದಿದೆ. ನಮ್ಮ ದೇಶದಲ್ಲೇ ನೋಡಿ: 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕುಸುಮ್ ಯೋಜನೆಯಡಿ ವಿದ್ಯುತ್ ಜಾಲದ ಹಂಗಿಲ್ಲದ ಸೌರ ಪಂಪುಗಳು ರೈತರ ಹೊಲಗಳಿಗೆ ಬಂದಿವೆ. ಬಿಸಿಲಿನಿಂದ ಹೊಲಕ್ಕೆ ನೀರೆತ್ತಲು ಸಾಧ್ಯವಾದ ನಾಡಿನಲ್ಲಿ ಅದೇ ಬಿಸಿಲಿನಿಂದ ಬಾವಿಯ ಎಣ್ಣೆಯೆತ್ತಲು ಸಾಧ್ಯವಿಲ್ಲವೆಂದರೆ ನಂಬುವವರು ಯಾರು? ಎಣ್ಣೆಯ ಪದರ ತೆಗೆಯುವ ಪಂಪಿಗೆ ನೀರಾವರಿ ಪಂಪಿಗೆ ಬೇಕಾದಷ್ಟು ಬಲವೂ ಬೇಡ.

ಫಲಕ ಪಾಪ ತೊಳೆಯದು

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದುದು; ಅದನ್ನು ತಳ್ಳಿಹಾಕುವುದು ಅಪ್ರಾಮಾಣಿಕತೆಯಾದೀತು. “ಇದೆಲ್ಲ ಅಲಂಕಾರ. ನೆಲ ಕೆಡಿಸಿದವರು ನಾಲ್ಕು ಫಲಕ ನಿಲ್ಲಿಸಿ, ಚಿತ್ರ ತೆಗೆಸಿ, ತಾವು ಪರಿಸರಪ್ರೇಮಿಗಳೆಂದು ಸಾರಿಕೊಳ್ಳುತ್ತಾರೆ” ಎಂಬುದೇ ಆ ಆಕ್ಷೇಪ.

ಈ ಅನುಮಾನಕ್ಕೆ ಆಧಾರವಿದೆ. ಅದೇ ಸೇಂಟ್ ಕ್ರೊಯ್ ದ್ವೀಪದ ಮುಂದಿನ ಕಥೆ ಕೇಳಿ. ಕಾರ್ಖಾನೆಯ ಪಕ್ಕದಲ್ಲಿದ್ದ ದೈತ್ಯ ಸಂಸ್ಕರಣಾಗಾರ 2012ರಲ್ಲಿ ಮುಚ್ಚಿತು. ಹೊಸ ಒಡೆತನದಲ್ಲಿ, ಲೈಮ್‌ಟ್ರೀ ಬೇ ಎಂಬ ಹೆಸರಿನಲ್ಲಿ, 2021ರ ಫೆಬ್ರುವರಿಯಲ್ಲಿ ಮತ್ತೆ ಆರಂಭವಾಯಿತು. ಕೆಲವೇ ದಿನಗಳಲ್ಲಿ ಸುತ್ತಲ ಮನೆಗಳ ಮೇಲೆ ಎಣ್ಣೆಯ ತುಂತುರು ಬಿತ್ತು. ಆ ದ್ವೀಪದ ಜನ ಮಾಡಿನ ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಬಳಸುವವರು. ಹಾಗಾಗಿ ಎಣ್ಣೆ ನೇರವಾಗಿ ಅವರ ಮನೆಯ ನೀರಿಗೆ ಸೇರಿತು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತುರ್ತು ಆದೇಶ ಹೊರಡಿಸಿ ಕೆಲಸ ನಿಲ್ಲಿಸಬೇಕಾಯಿತು. ಒಂದು ಕಾಲಕ್ಕೆ ಗಾಳಿಯಿಂದ ಎಣ್ಣೆ ತೆಗೆದ ನೆಲದ ಪಕ್ಕದಲ್ಲೇ ಇನ್ನೊಂದು ಕಾಲಕ್ಕೆ ಗಾಳಿಯ ಮೂಲಕ ಎಣ್ಣೆ ಮನೆಮನೆಗೆ ಹರಡಿತು.

ಹಾಗಾದರೆ ಸೌರಫಲಕವೇ ಬೇಡವೇ? ಬೇಕು. ಆದರೆ ಅದು ಯಾವುದಕ್ಕೆ ಉತ್ತರ, ಯಾವುದಕ್ಕಲ್ಲ ಎಂಬುದು ನಮಗೆ ಸ್ಪಷ್ಟವಿರಬೇಕು. ವಿದ್ಯುತ್ತಿಲ್ಲ ಎಂಬ ನೆವಕ್ಕೆ ಅದು ಉತ್ತರ. ಸೋರಿಸಿದ ತಪ್ಪಿಗೆ ಪ್ರಾಯಶ್ಚಿತ್ತವಲ್ಲ. ಕರ್ತವ್ಯಗಳಿಗೆ ಒಂದು ಕ್ರಮವಿದೆ. ಮೊದಲನೆಯದು ಸೋರದಂತೆ ಕಾಯುವುದು. ಸೋರಿದರೆ ಕೂಡಲೇ ಪತ್ತೆಹಚ್ಚುವುದು. ಪತ್ತೆಯಾದ ದಿನವೇ ನೆರೆಯವರಿಗೆ ತಿಳಿಸುವುದು. ಬಾವಿ ಕೆಟ್ಟವರಿಗೆ ಬೇರೆ ನೀರು ಕೊಡುವುದು. ಅನಂತರ ಎಣ್ಣೆಯನ್ನು ತೆಗೆಯುವುದು, ಪೂರ್ತಿ ಮುಗಿಯುವ ತನಕ ಖರ್ಚು ಹೊರುವುದು. ಸೂರ್ಯನೂ ಗಾಳಿಯೂ ನೆರವಾಗುವುದು ಇವುಗಳಲ್ಲಿ ಒಂದೇ ಒಂದಕ್ಕೆ. ಉಳಿದ ಕರ್ತವ್ಯಗಳನ್ನು ಮರೆತು ಫಲಕದ ಚಿತ್ರ ತೋರಿಸುವವರನ್ನು ನಾವು ನಂಬಬಾರದು. ಅಂಥವರಿದ್ದಾರೆಂದು ಫಲಕವನ್ನೇ ಹಳಿಯುವುದೂ ಸರಿಯಲ್ಲ. ಕಳ್ಳನೂ ಅದೇ ಏಣಿ ಹತ್ತಿದನೆಂದು ಮನೆಯ ಏಣಿಯನ್ನು ಒಡೆದು ಒಲೆಗೆ ಹಾಕುತ್ತೇವೆಯೇ?

ನಾವು ಕೇಳಬೇಕಾದ ಪ್ರಶ್ನೆಗಳು

ನಮ್ಮ ದೇಶದಲ್ಲಿ ಪೆಟ್ರೋಲ್ ಬಂಕುಗಳ ಸಂಖ್ಯೆ ಇಂದು ಒಂದು ಲಕ್ಷದ ಆಸುಪಾಸಿನಲ್ಲಿದೆ. ಮನೆಮನೆಗೂ ಬಾವಿಯೋ ಕೊಳವೆಬಾವಿಯೋ ಇರುವ ನಮ್ಮಂಥ ಊರುಗಳ ನಡುವೆಯೇ ಅವು ನಿಂತಿವೆ. ಕಾನೂನುಗಳ ಕೊರತೆಯಿದೆಯೆಂದು ಹೇಳುವಂತಿಲ್ಲ. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲೇ ಎತ್ತಿಹಿಡಿದಿದೆ. ನಮ್ಮ ಅಜ್ಜಿಯರು “ಮಾಡಿದ್ದುಣ್ಣೋ ಮಹಾರಾಯ” ಎಂದು ಅದನ್ನು ಎಂದೋ ಹೇಳಿಟ್ಟಿದ್ದರು! ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರವಿರಬೇಕು, ಅನಿವಾರ್ಯವಾದರೂ 30 ಮೀಟರಿಗಿಂತ ಹತ್ತಿರ ಬರಕೂಡದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಸೂಚಿಸಿತು. 2025ರ ಜುಲೈಯಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರಕಾರ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ, ಸಾರ್ವಜನಿಕರ ದೂರಿನ ಮೇಲೂ, ಸಂಶಯವಿರುವ ತಾಣಗಳನ್ನು ಗುರುತಿಸಿ ರಾಜ್ಯ ಮಂಡಳಿಗೆ ವರದಿ ಮಾಡಬೇಕು; ಶುದ್ಧೀಕರಣದ ವೆಚ್ಚವನ್ನು ಹೊಣೆಗಾರರಿಂದಲೇ ಪಡೆಯಬೇಕು.

ಕಾನೂನು ಕಾಗದದ ಮೇಲಿದೆ. ಅದಕ್ಕೆ ಜೀವ ಬರುವುದು ಯಾರಾದರೂ ದೂರು ಬರೆದಾಗ. ಆದ್ದರಿಂದ ಓದುಗರೇ, ನಿಮ್ಮ ನೆರೆಯಲ್ಲಿ ಬಾವಿಯ ನೀರು ಇಂಧನದ ವಾಸನೆ ಬೀರಿದರೆ, ಮೇಲ್ಮೈಯಲ್ಲಿ ಬಣ್ಣಬಣ್ಣದ ಪೊರೆ ಕಂಡರೆ, “ಇನ್ನೊಬ್ಬರ ವಿಷಯ ನಮಗೇಕೆ” ಎನ್ನದಿರಿ. ಆ ನೀರನ್ನು ಕುಡಿಯಬೇಡಿ, ಅದರಿಂದ ಅಡುಗೆ ಮಾಡಬೇಡಿ. ಕುದಿಸಿದರೆ ಸರಿಹೋಗುತ್ತದೆಂದು ನಂಬಬೇಡಿ. ಕುದಿಸಿದಾಗ ಆ ವಿಷ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಬಾವಿಯೊಳಗೆ ಯಾರನ್ನೂ ಇಳಿಸಬೇಡಿ, ಬೆಂಕಿಯನ್ನು ಹತ್ತಿರ ತರಬೇಡಿ, ಆವಿಗೆ ಪ್ರಾಣ ತೆಗೆಯುವ ಶಕ್ತಿಯಿದೆ. ಪಂಚಾಯಿತಿಗೂ ಜಿಲ್ಲಾಧಿಕಾರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿ, ನೀರಿನ ಪರೀಕ್ಷೆ ಮಾಡಿಸಿ, ದೂರಿನ ಪ್ರತಿಯನ್ನು ಇಟ್ಟುಕೊಳ್ಳಿ. ಒಬ್ಬರ ಸಹಿಗಿಂತ ಕೇರಿಯ ಎಲ್ಲರ ಸಹಿಗೆ ಬಲ ಹೆಚ್ಚು.

ಆಗ ಅಧಿಕಾರದಲ್ಲಿರುವವರು ವಿದ್ಯುತ್ತಿನ ಮಾತೆತ್ತಬಹುದು, ಖರ್ಚಿನ ಮಾತೆತ್ತಬಹುದು. ಒಂದು ಚಿಕ್ಕ ದ್ವೀಪದಲ್ಲಿ ಗಾಳಿಚಕ್ರಗಳು ಲಕ್ಷಾಂತರ ಲೀಟರ್ ಎಣ್ಣೆಯನ್ನು ಮೇಲೆತ್ತಿ ಎರಡು ದಶಕಗಳಾಗಿವೆ ಎಂದು ಅವರಿಗೆ ವಿನಯದಿಂದಲೇ ನೆನಪಿಸಿ. ಟ್ಯಾಂಕು ಎಂದು ಪರೀಕ್ಷೆಯಾಯಿತು, ಸೋರಿಕೆ ನಿಂತಿದೆಯೇ, ನಮಗೆ ಕುಡಿಯುವ ನೀರು ಯಾರು ಕೊಡುತ್ತಾರೆ, ಶುದ್ಧೀಕರಣ ಎಂದು ಆರಂಭವಾಗುತ್ತದೆ, ಹಣ ಯಾರ ಕೈಯಿಂದ ಬರುತ್ತದೆ ಎಂದು ಒಂದೊಂದಾಗಿ ಕೇಳಿ. ಲಿಖಿತ ಉತ್ತರ ಸಿಗುವವರೆಗೆ ಕೇಳುವುದನ್ನು ಬಿಡಬೇಡಿ.